ಠಾಣೆಯ ಮೆಟ್ಟಿಲು ಹತ್ತದ ಅನ್ಯಾಯ

ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನ ಗೇರುಮರಡಿಯಲ್ಲಿ ಕಾಡುಗೊಲ್ಲ ಸಮುದಾಯದ ವಸತಿಯಾದ ಗೊಲ್ಲರಹಟ್ಟಿಯಲ್ಲಿ 2024ರ ಜನವರಿಯಲ್ಲಿ, ಜೆಸಿಬಿ ಕೆಲಸಕ್ಕೆ ಬಂದಿದ್ದ ದಲಿತ ಯುವಕನೊಬ್ಬ ಹಟ್ಟಿಯೊಳಗೆ ಕಾಲಿಟ್ಟನೆಂಬ ಕಾರಣಕ್ಕೆ ಅವನ ಮೇಲೆ ಹಲ್ಲೆ ನಡೆಯಿತು. ದೇವಸ್ಥಾನದ ಬಾಗಿಲು ಮುಚ್ಚಿತು. ಪ್ರಕರಣ ದಾಖಲಾಯಿತು, ದಲಿತ ಸಂಘಟನೆಗಳು ಬೀದಿಗಿಳಿದವು, ಪೊಲೀಸ್ ಬಂದೋಬಸ್ತಿನಲ್ಲಿ ದಲಿತರು ಹಟ್ಟಿಯನ್ನು ಪ್ರವೇಶಿಸಿದರು. ಅದಕ್ಕೆ ಮೊದಲು, 2015ರಲ್ಲಿ, ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ಸ್ವಸಹಾಯ ಸಂಘದ ದಲಿತ ಮಹಿಳೆಯರು ಬಸವೇಶ್ವರ ದೇವಸ್ಥಾನದೊಳಗೆ ಹೋದದ್ದಕ್ಕೆ ದಂಡ ತೆರಬೇಕೆಂಬ ಮಾತು ಬಂದಿತ್ತು. ಅಲ್ಲಿಯೂ ಶಾಂತಿಸಭೆಗಳು ನಡೆದವು, ಅಲ್ಲಿಯೂ ಬಾಗಿಲಿಗೆ ಬೀಗ ಬಿತ್ತು, ಅಲ್ಲಿಯೂ ಪೊಲೀಸರು ಬೀಡುಬಿಟ್ಟರು.

ಈ ಎರಡೂ ಊರುಗಳಲ್ಲಿ ಕಾನೂನಿನ ಕೊರತೆ ಇರಲಿಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ 1950ರಲ್ಲೇ ರದ್ದುಮಾಡಿದೆ. ದೇವಸ್ಥಾನ ಪ್ರವೇಶಕ್ಕೆ ಅಡ್ಡಿಪಡಿಸುವುದು 1955ರ ನಾಗರಿಕ ಹಕ್ಕು ರಕ್ಷಣಾ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಅದು ಸಾಲದೆಂದು 1989ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಬಂತು. 2015ರ ತಿದ್ದುಪಡಿ ಅದಕ್ಕೆ ಸಾಮಾಜಿಕ ಬಹಿಷ್ಕಾರವೂ ಸೇರಿದಂತೆ ಹಲವು ಹೊಸ ಅಪರಾಧಗಳನ್ನು ಸೇರಿಸಿತು. ಇಷ್ಟೆಲ್ಲ ಇದ್ದೂ ಇಂಥ ಘಟನೆ ನಡೆದಾಗಲೆಲ್ಲ ನಮ್ಮ ಸಾರ್ವಜನಿಕ ಚರ್ಚೆ ಮೊದಲು ಕೇಳುವುದು ಇನ್ನೂ ಕಠಿಣವಾದ ಕಾನೂನನ್ನು. ಈ ಬೇಡಿಕೆಯ ಹಿಂದಿನ ಸಿಟ್ಟು ನ್ಯಾಯವಾದದ್ದು. ಆದರೆ ಕಾನೂನು ಯಾವ ಬಗೆಯಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ಬಿಡಿಸಿ ನೋಡದೆ ಶಿಕ್ಷೆಯ ವರ್ಷಗಳನ್ನು ಹೆಚ್ಚಿಸುತ್ತ ಹೋದರೆ ಹಟ್ಟಿಯ ಬೇಲಿ ಇದ್ದಲ್ಲಿಯೇ ಇರುತ್ತದೆ.

ಕ್ರಿಮಿನಲ್ ಕಾನೂನು ತಾನಾಗಿ ಚಲಿಸುವುದು ವಿರಳ. ಅದು ಚಲಿಸಲು ಒಬ್ಬ ದೂರುದಾರ ಬೇಕು, ಆಮೇಲೆ ಸಾಕ್ಷಿಗಳು ಬೇಕು, ಆ ಸಾಕ್ಷಿಗಳು ವರ್ಷಗಳ ನಂತರವೂ ಅದೇ ಮಾತನ್ನು ಕಟಕಟೆಯಲ್ಲಿ ನಿಂತು ಹೇಳಬೇಕು. ಅಂದರೆ ಅನ್ಯಾಯದ ವಿರುದ್ಧ ಪ್ರಭುತ್ವವನ್ನು ಎಬ್ಬಿಸುವ ಹೊಣೆ ಅನ್ಯಾಯಕ್ಕೊಳಗಾದವನ ಹೆಗಲ ಮೇಲೆಯೇ ಬೀಳುತ್ತದೆ. ಪಟ್ಟಣದಲ್ಲಿ ಕುಳಿತವರಿಗೆ ದೂರು ಕೊಡುವುದು ಒಂದು ಅರ್ಜಿ ಬರೆಯುವ ಕೆಲಸ. ಹಳ್ಳಿಯಲ್ಲಿ ಕೂಲಿಗೆ ಹೋಗುವ ಕುಟುಂಬಕ್ಕೆ ಅದು ನಾಳೆಯ ಕೆಲಸ, ಅಂಗಡಿಯ ಸಾಲ, ಕೊಳವೆ ಬಾವಿಯ ನೀರು, ದನ ಹಾಯುವ ದಾರಿ ಇವೆಲ್ಲವನ್ನೂ ಪಣಕ್ಕಿಡುವ ನಿರ್ಧಾರ. ದೂರು ದಾಖಲಾದ ಮರುದಿನವೇ ಎದುರು ಪಕ್ಷದವರ ಪ್ರತಿದೂರು ದಾಖಲಾಗುತ್ತದೆ. ಊರಿನ ಹಿರಿಯರು ರಾಜಿ ಪಂಚಾಯಿತಿಗೆ ಕರೆಯುತ್ತಾರೆ. ತನಿಖೆ ಮುಗಿದು, ಆರೋಪಕ್ಕೆ ಆಧಾರವಿಲ್ಲವೆನ್ನುವ ಬಿ ರಿಪೋರ್ಟ್ ಬಂದರೆ ದೂರು ಕೊಟ್ಟವನೇ ಸುಳ್ಳುಗಾರನೆನಿಸಿಕೊಳ್ಳುತ್ತಾನೆ. ಇವೆಲ್ಲ ಗೊತ್ತಿರುವುದರಿಂದಲೇ ಠಾಣೆಯವರೆಗೆ ಬಾರದೆ ಉಳಿಯುವ ಅನ್ಯಾಯದ ಪಾಲು ದೊಡ್ಡದು. ಅಪರಾಧ ಅಂಕಿಅಂಶಗಳಲ್ಲಿ ಒಂದು ತಾಲ್ಲೂಕು ಶಾಂತವಾಗಿ ಕಂಡರೆ ಅಲ್ಲಿ ಶಾಂತಿ ಇದೆಯೆಂದು ತೀರ್ಮಾನಿಸುವಂತಿಲ್ಲ. ಅಲ್ಲಿ ದೂರು ಕೊಡುವ ಧೈರ್ಯಕ್ಕೆ ಆಸರೆಯಿಲ್ಲದಿರುವ ಸಾಧ್ಯತೆಯೂ ಅಷ್ಟೇ ಇದೆ.

ದೂರು ಕೊಟ್ಟ ಮೇಲಿನ ದಾರಿ ಎಷ್ಟು ಕಷ್ಟದ್ದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಎರಡು ದೊಡ್ಡ ನಿದರ್ಶನಗಳಿವೆ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಯಿತು. ವಿಚಾರಣೆಯಲ್ಲಿ ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲರೂ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಅದೇ 2014ರಲ್ಲಿ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿಯಿಟ್ಟ ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ ವಿಚಾರಣಾ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಎರಡೂ ಕಡೆ ಇದ್ದದ್ದು ಅದೇ 1989ರ ಕಾಯ್ದೆ. ವ್ಯತ್ಯಾಸವಾದದ್ದು ಸಾಕ್ಷಿಗಳು ಕೊನೆಯವರೆಗೆ ನಿಲ್ಲಬಲ್ಲರೇ ಎಂಬಲ್ಲಿ. ಮರಕುಂಬಿಯ ಜನ ನಿಂತರು, ಅದಕ್ಕೆ ಹತ್ತು ವರ್ಷ ಹಿಡಿಯಿತು. ದೋಷಾರೋಪ ಪಟ್ಟಿ ಸಲ್ಲಿಕೆಯಾದ ಎರಡು ತಿಂಗಳೊಳಗೆ ಸಾಧ್ಯವಾದಷ್ಟೂ ವಿಚಾರಣೆ ಮುಗಿಯಬೇಕೆಂದು ಈಗಿನ ಕಾಯ್ದೆ ಹೇಳುತ್ತದೆ. ಹತ್ತು ವರ್ಷ ಒಂದೇ ಊರಿನಲ್ಲಿ, ಆರೋಪಿಗಳ ಕಣ್ಣೆದುರೇ ಬದುಕಿಕೊಂಡು ಸಾಕ್ಷಿಯಾಗಿ ಉಳಿಯುವುದಕ್ಕೆ ಬೇಕಾದ ಅನ್ನ, ಆಸರೆ ಮತ್ತು ಒಗ್ಗಟ್ಟನ್ನು ಯಾವ ಕಲಮೂ ಒದಗಿಸಿಕೊಡುವುದಿಲ್ಲ. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ 2025ರಲ್ಲಿ ರಾಜ್ಯದಾದ್ಯಂತ ಪ್ರತ್ಯೇಕ ಪೊಲೀಸ್ ಠಾಣೆಗಳು ಬಂದಿರುವುದು ಒಳ್ಳೆಯ ಹೆಜ್ಜೆಯೇ. ತನಿಖೆಯ ಗುಣಮಟ್ಟ ಅದರಿಂದ ಸುಧಾರಿಸಬಹುದು. ಆದರೆ ಸಾಕ್ಷಿ ಸಂಜೆ ಮರಳಬೇಕಾದದ್ದು ಠಾಣೆಗಲ್ಲ, ಊರಿಗೆ.

ಬಂದೋಬಸ್ತಿನ ಪ್ರವೇಶದ ಬಗ್ಗೆಯೂ ಒಂದು ಮಾತು ಹೇಳಬೇಕು. ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಅಸ್ಪೃಶ್ಯರೆನಿಸಿಕೊಂಡವರು ವರ್ಷದ ಗೊತ್ತಾದ ದಿನಗಳಲ್ಲಿ ಮಾತ್ರ ಪ್ರವೇಶಿಸುವ ರೂಢಿ ಇತ್ತೆಂದು ಮೈಸೂರು ಸಂಸ್ಥಾನದ ಕಾಲದ ಗೆಜೆಟಿಯರುಗಳು ದಾಖಲಿಸಿವೆ. ಮೇಲುಕೋಟೆಯಲ್ಲಿಯೂ ಇಂಥದೇ ರೂಢಿ ಇತ್ತು. ಬಹಳ ಊರುಗಳಲ್ಲಿ ಅಷ್ಟೂ ಇಲ್ಲದ ಕಾಲದಲ್ಲಿ ಅದು ದೊಡ್ಡ ಮಾತೇ ಆಗಿರಬಹುದು, ಆದರೆ ಅದು ಕೊಟ್ಟಾಗ ಮಾತ್ರ ಸಿಗುವ ಅನುಮತಿಯಾಗಿತ್ತು. ಉಳಿದ ದಿನಗಳ ನಿಷೇಧವನ್ನು ಅದು ಪ್ರಶ್ನಿಸುತ್ತಿರಲಿಲ್ಲ. ತಹಶೀಲ್ದಾರರು, ಪೊಲೀಸರು, ಕ್ಯಾಮೆರಾಗಳ ನಡುವೆ ಒಂದು ದಿನ ನಡೆಯುವ ಪ್ರವೇಶವೂ ಅದೇ ಸ್ಥಿತಿಗೆ ಇಳಿಯುವ ಅಪಾಯವಿದೆ. ಒಂದು ದೇವಸ್ಥಾನ ಎಲ್ಲರದಾಗಿದೆಯೇ ಎಂಬುದು ತಿಳಿಯುವುದು ಯಾರೂ ನೋಡದ ಒಂದು ಸಾಮಾನ್ಯ ಸೋಮವಾರ ಅಲ್ಲಿಗೆ ಒಬ್ಬ ದಲಿತ ಮಹಿಳೆ ಹಣ್ಣುಕಾಯಿ ಹಿಡಿದು ಒಬ್ಬಳೇ ಹೋಗಿಬರಬಲ್ಲಳೇ ಎಂಬುದರಿಂದ. ಆ ಸೋಮವಾರಕ್ಕೆ ಕಾನೂನಿನಲ್ಲಿ ಯಾವ ನಮೂನೆಯ ವರದಿಯೂ ಇಲ್ಲ.

ಈ ಅಸಹಾಯಕತೆಯ ಬೇರು ಅವಲಂಬನೆಯಲ್ಲಿದೆ, ಅವಲಂಬನೆಯ ಬೇರು ಭೂಮಿಯಲ್ಲಿದೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಭಾಗದ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಬದುಕುವ ಕಾರ್ಮಿಕರಿಗೆ ಮನೆಯೂ ಮಾಲೀಕನದು, ಕೆಲಸವೂ ಮಾಲೀಕನದು, ಮದುವೆಗೋ ಆಸ್ಪತ್ರೆಗೋ ತೆಗೆದುಕೊಂಡ ಮುಂಗಡವೂ ಮಾಲೀಕನದೇ. ದೇವರಾಜ ಅರಸು ಅವರ ಕಾಲದ 1974ರ ಭೂಸುಧಾರಣೆ ಗೇಣಿದಾರರಿಗೆ ಭೂಮಿ ಕೊಟ್ಟು ಬಯಲುಸೀಮೆ, ಕರಾವಳಿಗಳ ಗ್ರಾಮ ಸಂಬಂಧಗಳನ್ನೇ ಅಲುಗಾಡಿಸಿತು. ಇದು ಕಾನೂನಿನಿಂದ ಆದ ಬದಲಾವಣೆಯೆಂದು ಧಾರಾಳವಾಗಿ ಒಪ್ಪಬೇಕು. ಆದರೆ ಪ್ಲಾಂಟೇಶನ್ ಭೂಮಿಗೆ ಆ ಕಾಯ್ದೆಯಿಂದ ವಿನಾಯಿತಿ ಇತ್ತು, ತೋಟದ ಕೂಲಿಗೆ ಗೇಣಿದಾರನ ಹಕ್ಕೂ ಇರಲಿಲ್ಲ. ಮುಂದೆ 2022ರಲ್ಲಿ ಭೂಕಂದಾಯ ಕಾಯ್ದೆಗೆ ಬಂದ ತಿದ್ದುಪಡಿ, ಸರ್ಕಾರಿ ಜಮೀನನ್ನು ಒತ್ತುವರಿ ಮಾಡಿ ಕಾಫಿ, ಏಲಕ್ಕಿ, ಮೆಣಸು ಬೆಳೆದವರಿಗೆ 25 ಎಕರೆಯವರೆಗೆ 30 ವರ್ಷಗಳ ಗುತ್ತಿಗೆ ನೀಡಲು ದಾರಿ ಮಾಡಿತು. ಸಣ್ಣ ಬೆಳೆಗಾರರಿಗೂ ಇದರಿಂದ ನೆಮ್ಮದಿ ಸಿಕ್ಕಿರಬಹುದು. ಆದರೆ ಅದೇ ತೋಟಗಳ ಅಂಚಿನಲ್ಲಿ ಸಾಗುವಳಿ ಜಮೀನಿನ ಸಕ್ರಮಕ್ಕೆ ಫಾರಂ 57, ಮನೆಯ ಸಕ್ರಮಕ್ಕೆ 94ಸಿ ಅರ್ಜಿಗಳನ್ನು ಹಿಡಿದು, ಒಂದು ನಿವೇಶನಕ್ಕೆ, ಸತ್ತವರನ್ನು ಹೂಳಲು ಒಂದಿಷ್ಟು ಜಾಗಕ್ಕೆ ನಾಡಕಚೇರಿ ಅಲೆಯುವವರು ಇರುವಾಗ ಈ ತಿದ್ದುಪಡಿ ಎಷ್ಟು ಬೇಗ ಬಂತೆಂಬುದು ಮನಸ್ಸಿಗೆ ನೋವುಂಟುಮಾಡುತ್ತದೆ. ಒಂದು ಕೈಯಲ್ಲಿ ದೌರ್ಜನ್ಯದ ವಿರುದ್ಧ ಹಕ್ಕು ಕೊಟ್ಟು, ಆ ಹಕ್ಕನ್ನು ಚಲಾಯಿಸಲು ಬೇಕಾದ ನೆಲೆಯನ್ನು ಕೊಡದಿದ್ದರೆ ದೂರು ಕೊಡುವ ಕೈ ಮೇಲೇಳುವುದಿಲ್ಲ.

ಗೊಲ್ಲರಹಟ್ಟಿಯ ವಿಷಯಕ್ಕೆ ಮರಳೋಣ. ಕಾಡುಗೊಲ್ಲರು ಸ್ವತಃ ಬಡತನ, ಹಿಂದುಳಿದಿರುವಿಕೆ ಎರಡನ್ನೂ ಅನುಭವಿಸುತ್ತಿರುವ ಸಮುದಾಯ. ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ದೀರ್ಘಕಾಲದಿಂದ ಹೋರಾಡುತ್ತಿರುವವರು. ಅರಸೀಕೆರೆ, ಕಡೂರು, ತರೀಕೆರೆಯ ಬಯಲು ಭಾಗದಿಂದ ತುಮಕೂರು, ಚಿತ್ರದುರ್ಗದವರೆಗೆ ಅವರ ಹಟ್ಟಿಗಳಿವೆ. ಹೊರಗಿನವರ ಪ್ರವೇಶದಿಂದ ದೇವರಿಗೆ ಮೈಲಿಗೆಯಾಗುತ್ತದೆಂಬ ನಂಬಿಕೆ ಇರುವ ಹಟ್ಟಿಗಳಲ್ಲೇ ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಊರಾಚೆಯ ಗುಡ್ಲಿನಲ್ಲಿ ಇರಿಸುವ ಪದ್ಧತಿಯೂ ಇದೆ. ಈ ಎರಡೂ ಒಂದೇ ನಂಬಿಕೆಯ ಎರಡು ಮುಖಗಳು. ಕಾನೂನು ಮಾತ್ರ ಇವನ್ನು ಎರಡು ಬೇರೆ ಅಪರಾಧಗಳಾಗಿ, ಎರಡು ಬೇರೆ ಕಾಯ್ದೆಗಳಲ್ಲಿ ನೋಡುತ್ತದೆ: ದಲಿತನನ್ನು ತಡೆದರೆ ದೌರ್ಜನ್ಯ ತಡೆ ಕಾಯ್ದೆ, ಹೆಣ್ಣನ್ನು ಹೊರಗಿಟ್ಟರೆ 2017ರ ಅಮಾನವೀಯ ಅನಿಷ್ಟ ಪದ್ಧತಿಗಳ ಪ್ರತಿಬಂಧಕ ಕಾಯ್ದೆ. ಎರಡನ್ನೂ ಹುಟ್ಟಿಸುವ ಮಡಿ-ಮೈಲಿಗೆಯ ಕಲ್ಪನೆ ಯಾವ ಕಾಯ್ದೆಯ ವ್ಯಾಪ್ತಿಗೂ ಬರುವುದಿಲ್ಲ, ಬರುವಂತೆಯೂ ಇಲ್ಲ. ಅದು ಒಂದು ಸಮುದಾಯದ ಸ್ವತ್ತೂ ಅಲ್ಲ. ಮುಟ್ಟಾದವಳು ಅಡುಗೆಮನೆಗೆ ಕಾಲಿಡಬಾರದೆಂಬ, ತೋಟದ ಆಳಿಗೆ ಬೇರೆ ಲೋಟವೆಂಬ ಪದ್ಧತಿ ಹಾಸನದ, ಚಿಕ್ಕಮಗಳೂರಿನ ಓದಿದ ಮನೆಗಳಲ್ಲೂ ಇನ್ನೂ ಸತ್ತಿಲ್ಲ. ಹಟ್ಟಿಯಲ್ಲಿ ಅದು ಊರಾಚೆಯ ಗುಡ್ಲಾಗಿ ಕಣ್ಣಿಗೆ ಕಾಣುತ್ತದೆ, ಅಷ್ಟೆ.

2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಮುಟ್ಟಾದ ಅಥವಾ ಗರ್ಭಿಣಿಯಾದ ಮಹಿಳೆಯನ್ನು ಬಲವಂತವಾಗಿ ಪ್ರತ್ಯೇಕವಾಗಿರಿಸುವುದನ್ನು ಅದು ಸ್ಪಷ್ಟವಾಗಿ ನಿಷೇಧಿಸುತ್ತದೆ. ಆದರೆ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಮಳೆ ಗಾಳಿಯ ದಿನಗಳಲ್ಲಿ ಬಾಣಂತಿಯೊಂದಿಗೆ ಊರಾಚೆಯ ಗುಡಿಸಲಿನಲ್ಲಿದ್ದ ಹಸುಗೂಸು ತೀರಿಕೊಂಡಿತು. ಇಲ್ಲಿ ಬಲವಂತ ಮಾಡಿದವರು ಯಾರು ಎಂದು ಕಾನೂನು ಕೇಳುತ್ತದೆ. ಗಂಡನೇ, ಅತ್ತೆಯೇ, ಪೂಜಾರಿಯೇ? ಹೆಣ್ಣುಮಕ್ಕಳನ್ನೇ ಕೇಳಿದರೆ ನಾವಾಗಿಯೇ ಹೋದೆವು, ದೇವರು ಮುನಿಯುತ್ತಾನೆ, ಮನೆಗೆ ಕೇಡಾಗುತ್ತದೆ ಎನ್ನುತ್ತಾರೆ. ಬಲವಂತಕ್ಕೆ ಒಬ್ಬ ವ್ಯಕ್ತಿಯ ಹೆಸರಿಲ್ಲದಾಗ, ಸಂತ್ರಸ್ತೆಯೇ ಅದನ್ನು ತನ್ನ ಭಕ್ತಿಯೆಂದು ಹೇಳಿದಾಗ ಆರೋಪಪಟ್ಟಿ ಬರೆಯುವವನ ಲೇಖನಿ ನಿಲ್ಲುತ್ತದೆ. ಅಂಥ ಹೆಣ್ಣಿಗೆ ಕಾನೂನಿನ ಹೆಸರು ಹೇಳಿ ಹೆದರಿಸಿದರೆ ಆಕೆ ಗುಡ್ಲನ್ನು ಬಿಟ್ಟು ಮನೆಗೆ ಬರುವುದಿಲ್ಲ. ಅಧಿಕಾರಿಗಳು ಬರುವ ದಿನ ಮಾತ್ರ ಗುಡ್ಲು ಖಾಲಿಯಾಗುತ್ತದೆ.

ಬದಲಾವಣೆ ಆಗುತ್ತಿರುವುದು ಬೇರೆ ಕಡೆಯಿಂದ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯನ್ನು ನೇರ ಮನೆಯೊಳಕ್ಕೆ ಕರೆದುಕೊಂಡು ಹೋಗುವಂತೆ ಸಮುದಾಯದ ಒಳಗಿನವಳೇ ಆದ ಆಶಾ ಕಾರ್ಯಕರ್ತೆ ಅತ್ತೆಗೆ ಹೇಳಿದಾಗ ಆ ಮಾತಿಗೆ ಇರುವ ತೂಕ ಪೊಲೀಸಿನವರ ಮಾತಿಗಿಲ್ಲ. ಕಡೂರಿನಲ್ಲೋ ಅರಸೀಕೆರೆಯಲ್ಲೋ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುವ ಹುಡುಗಿ ತಿಂಗಳ ಆ ದಿನಗಳನ್ನು ಯಾರ ಲೆಕ್ಕಕ್ಕೂ ಸಿಗದಂತೆ ಕಳೆಯುತ್ತಾಳೆ, ಯಾವ ದೇವರೂ ಮುನಿದದ್ದನ್ನು ಕಾಣುವುದಿಲ್ಲ. ಅವಳು ಮನೆಗೆ ಹಿಂದಿರುಗಿ ಕೇಳುವ ಪ್ರಶ್ನೆ ಹೊರಗಿನವರ ಟೀಕೆಯಾಗಿರುವುದಿಲ್ಲ, ಮನೆಯ ಮಗಳ ಪ್ರಶ್ನೆಯಾಗಿರುತ್ತದೆ. ಇದು ನಿಧಾನದ ದಾರಿ. ಆ ನಿಧಾನಕ್ಕೆ ಹಸುಗೂಸುಗಳ ಜೀವ ಬೆಲೆಯಾಗಬಾರದೆಂಬುದರಿಂದಲೇ ಕಾಯ್ದೆಯೂ ಬೇಕು ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ.

ಬಾಲ್ಯವಿವಾಹದ ಚರಿತ್ರೆ ಇದೇ ವಿಷಯವನ್ನು ಇನ್ನಷ್ಟು ಉದ್ದವಾದ ಕಾಲದಲ್ಲಿ ತೋರಿಸುತ್ತದೆ. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳು ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಚಿಕ್ಕಮಗಳೂರು ಆಗ ಕಡೂರು ಜಿಲ್ಲೆಯಾಗಿತ್ತು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದವರು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿ ಮೈಸೂರು ಸರ್ಕಾರ 1894ರಲ್ಲೇ ಕಾನೂನು ಮಾಡಿತು. ಬ್ರಿಟಿಷ್ ಭಾರತದ ಶಾರದಾ ಕಾಯ್ದೆಗಿಂತ ಅದು 35 ವರ್ಷ ಮುಂಚಿನದು. ಅಂದಿನಿಂದ ಇಂದಿನವರೆಗೆ ವಯಸ್ಸಿನ ಮಿತಿ ಏರುತ್ತ ಬಂದಿದೆ, ಶಿಕ್ಷೆ ಹೆಚ್ಚುತ್ತ ಬಂದಿದೆ. 2006ರ ಕೇಂದ್ರ ಕಾಯ್ದೆಯ ನಂತರ, ಕರ್ನಾಟಕ ತನ್ನ 2016ರ ತಿದ್ದುಪಡಿಯ ಮೂಲಕ ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ಘೋಷಿಸಿತು. ದೇಶದಲ್ಲೇ ಇದು ಕಠಿಣವಾದ ನಿಲುವು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 20ರಿಂದ 24 ವರ್ಷದ ಮಹಿಳೆಯರಲ್ಲಿ 18ಕ್ಕೆ ಮೊದಲೇ ಮದುವೆಯಾದವರ ಪ್ರಮಾಣ ಕರ್ನಾಟಕದಲ್ಲಿ 2005–06ರಲ್ಲಿ ಶೇ 40ಕ್ಕಿಂತ ಹೆಚ್ಚಿತ್ತು. 2015–16ರ ಹೊತ್ತಿಗೆ ಅದು ಶೇ 21.4ಕ್ಕೆ ಇಳಿಯಿತು. ಆದರೆ 2019–20ರಲ್ಲಿ ಅದು ಶೇ 21.3, ಹೆಚ್ಚುಕಡಿಮೆ ಇದ್ದಲ್ಲಿಯೇ ನಿಂತಿತು. ಮೊದಲ ಹತ್ತು ವರ್ಷಗಳ ದೊಡ್ಡ ಇಳಿಕೆಯಲ್ಲಿ 2006ರ ಕಾಯ್ದೆಯ ಪಾಲು ಇದ್ದೇ ಇದೆ. ಅದೇ ಅವಧಿಯಲ್ಲಿ ಬಿಸಿಯೂಟ ಪ್ರೌಢಶಾಲೆಗೂ ಬಂತು, ಎಂಟನೇ ತರಗತಿಯ ಮಕ್ಕಳಿಗೆ 2006–07ರಿಂದ ಸೈಕಲ್ ಬಂತು, ಹಾಸ್ಟೆಲುಗಳು ಹೆಚ್ಚಿದವು, ಪ್ರೌಢಶಾಲೆ ಕೈಗೆಟುಕುವ ದೂರಕ್ಕೆ ಬಂತು. ಯಾವುದರಿಂದ ಎಷ್ಟು ಎಂದು ತೂಗಿ ಹೇಳುವುದು ಸಾಧ್ಯವಿಲ್ಲ. ಆದರೆ ಹುಡುಗಿ ಶಾಲೆಯಲ್ಲಿರುವಷ್ಟು ಕಾಲ ಮದುವೆಯ ಮಾತು ಹಿಂದೆ ಸರಿಯುತ್ತದೆ, ಶಾಲೆ ಬಿಟ್ಟ ತಕ್ಷಣ ಅದು ಮುಂದೆ ಬರುತ್ತದೆ ಎಂಬುದನ್ನು ಹಳ್ಳಿಯ ಯಾವ ಮುಖ್ಯಶಿಕ್ಷಕರೂ ಹೇಳಬಲ್ಲರು. ಹತ್ತನೇ ತರಗತಿ ಮುಗಿದ ಮೇಲೆ ಕಾಲೇಜು ಇಪ್ಪತ್ತು ಕಿಲೋಮೀಟರ್ ಆಚೆ, ಸಂಜೆಯ ಬಸ್ಸು ತಪ್ಪಿದರೆ ಕಾಡುದಾರಿಯಲ್ಲಿ ನಡೆಯಬೇಕು ಎನ್ನುವಂಥ ಮಲೆನಾಡಿನ ಊರುಗಳಲ್ಲಿ ತಂದೆತಾಯಿಯ ಭಯ ಕೇವಲ ಅಜ್ಞಾನವಲ್ಲ. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಬೇಕಿಲ್ಲ, ಬಸ್ಸು ಮಾತ್ರ ಬರಬೇಕು.

ಕಾನೂನಿನ ಜಾರಿ ಹೇಗೆ ನಡೆಯುತ್ತದೆಂಬುದು ಎಲ್ಲರಿಗೂ ಗೊತ್ತು. ಮಕ್ಕಳ ಸಹಾಯವಾಣಿ 1098ಕ್ಕೆ ಯಾರೋ ಕರೆ ಮಾಡುತ್ತಾರೆ. ಶಿಶು ಅಭಿವೃದ್ಧಿ ಅಧಿಕಾರಿ, ಪಿಡಿಒ, ಪೊಲೀಸರು ಮದುವೆ ಮನೆಗೆ ಹೋಗಿ ಚಪ್ಪರ ತೆಗೆಸಿ, ತಂದೆತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡು ಬರುತ್ತಾರೆ. ಆ ಕ್ಷಣಕ್ಕೆ ಅದು ನಿಜವಾದ ರಕ್ಷಣೆ. ಆದರೆ ಮುಚ್ಚಳಿಕೆಯ ನಂತರ ಆ ಹುಡುಗಿ ಎಲ್ಲಿದ್ದಾಳೆ, ಶಾಲೆಗೆ ಮರಳಿದಳೇ, ಮುಂದಿನ ತಿಂಗಳು ಬೇರೆ ಜಿಲ್ಲೆಯ ದೇವಸ್ಥಾನದಲ್ಲಿ ಸದ್ದಿಲ್ಲದೆ ತಾಳಿ ಬಿತ್ತೇ ಎಂದು ನೋಡುವ ವ್ಯವಸ್ಥೆ ದುರ್ಬಲವಾಗಿದೆ. ಗುಟ್ಟಾಗಿ ಮದುವೆಯಾದ ಹುಡುಗಿ ಗರ್ಭಿಣಿಯಾದಾಗ ಮತ್ತೊಂದು ಇಕ್ಕಟ್ಟು ಎದುರಾಗುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅಪ್ರಾಪ್ತೆಯ ಗರ್ಭವನ್ನು ಕಂಡ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಅದಕ್ಕೆ ಹೆದರಿ ಕುಟುಂಬಗಳು ತಾಯಿ ಕಾರ್ಡಿಗೆ ತಪ್ಪು ವಯಸ್ಸು ಬರೆಸುತ್ತವೆ, ಇಲ್ಲವೇ ಆಸ್ಪತ್ರೆಯಿಂದಲೇ ದೂರ ಉಳಿಯುತ್ತವೆ. ರಕ್ತಹೀನತೆ, ರಕ್ತದೊತ್ತಡದ ಅಪಾಯ ಹೆಚ್ಚಿರುವ ಹದಿನಾರರ ಹುಡುಗಿಗೆ ತಪಾಸಣೆಯೇ ತಪ್ಪಿಹೋಗುತ್ತದೆ. ಅವಳನ್ನು ಕಾಪಾಡಲೆಂದು ಮಾಡಿದ ಕಾನೂನಿನ ಕಠಿಣತೆಯೇ ಅವಳನ್ನು ವೈದ್ಯರಿಂದ ಬಚ್ಚಿಡುತ್ತಿದೆ. ಶಿಕ್ಷೆಯನ್ನು ಇನ್ನೂ ಹೆಚ್ಚಿಸಬೇಕೆನ್ನುವವರು ಈ ಹುಡುಗಿಯನ್ನು ಎದುರಿಗಿಟ್ಟುಕೊಂಡು ಯೋಚಿಸಬೇಕೆಂದು ನಾನು ಕಳಕಳಿಯಿಂದ ಕೇಳುತ್ತೇನೆ.

ಸಾರಾಯಿಯ ಕಥೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಷೇಧವಾಯಿತು. ಪ್ಯಾಕೆಟ್ ಸಾರಾಯಿ ಹೋಗಿ ಅದರ ಜಾಗಕ್ಕೆ ಅಗ್ಗದ ಮದ್ಯ ಬಂತು, ಹಳ್ಳಿಯ ಕಿರಾಣಿ ಅಂಗಡಿಗಳಲ್ಲಿ ಅಕ್ರಮ ಮಾರಾಟ ಬೆಳೆಯಿತು. ಅಬಕಾರಿ ಆದಾಯವನ್ನು ನೆಚ್ಚಿಕೊಂಡ ಪ್ರಭುತ್ವವೇ ಕುಡಿತವನ್ನು ತಡೆಯುವ ಹೊಣೆಯನ್ನೂ ಹೊತ್ತಾಗ ಕಾನೂನು ಅರೆಮನಸ್ಸಿನದಾಗುತ್ತದೆ.

ಇಷ್ಟು ಹೇಳಿದ ಮೇಲೆ, ಕಾನೂನಿಗೆ ಮಿತಿ ಇದೆ ಎಂಬ ಮಾತನ್ನು ಯಾರು ಯಾವಾಗ ಬಳಸುತ್ತಾರೆಂಬ ಬಗ್ಗೆ ಎಚ್ಚರ ಬೇಕು. ಜನರ ಮನಸ್ಸು ಬದಲಾಗಬೇಕು, ಕಾನೂನಿನಿಂದ ಏನಾಗುತ್ತದೆ ಎಂಬ ಮಾತು ದೂರು ದಾಖಲಿಸಲು ಮನಸ್ಸಿಲ್ಲದ ಠಾಣೆಗಳಲ್ಲಿ, ಶಾಂತಿಸಭೆಯ ಹೆಸರಿನಲ್ಲಿ ದೂರುದಾರನನ್ನೇ ಸುಮ್ಮನಾಗಿಸುವ ಸಭೆಗಳಲ್ಲಿ ಕೇಳಿಬರುತ್ತದೆ. ಅಂಥ ಕಡೆ ಸೋತದ್ದು ಕಾನೂನಲ್ಲ, ಅದನ್ನು ಮುಟ್ಟಿಯೇ ಇಲ್ಲ. ಕರ್ತವ್ಯವನ್ನು ಉದ್ದೇಶಪೂರ್ವಕವಾಗಿ ನಿರ್ಲಕ್ಷಿಸುವ ಸರ್ಕಾರಿ ನೌಕರನಿಗೂ ಶಿಕ್ಷೆಯಿದೆ ಎಂದು ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಂ ಹೇಳುತ್ತದೆ. ಅದು ಪುಸ್ತಕದಿಂದ ಹೊರಬರುವುದು ಎಷ್ಟು ಅಪರೂಪವೆಂಬುದನ್ನು ವಕೀಲರು ಬಲ್ಲರು. ಹಕ್ಕುಗಳನ್ನು ಕಾಯುವುದು ಕಾನೂನಲ್ಲ, ಸಮಾಜದ ನೈತಿಕ ಪ್ರಜ್ಞೆ ಎಂಬ ಅರ್ಥದ ಮಾತನ್ನು ಅಂಬೇಡ್ಕರ್ 1943ರಲ್ಲಿ ಪುಣೆಯಲ್ಲಿ ರಾನಡೆಯವರ ಜನ್ಮದಿನದ ಭಾಷಣದಲ್ಲಿ ಆಡಿದ್ದರು. ಕೆಲವೇ ವರ್ಷಗಳ ನಂತರ ಅವರೇ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿ ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಾರ್ಹಗೊಳಿಸುವ ವಿಧಿಯನ್ನು ಒಳಗೊಂಡ ಕರಡನ್ನು ಸಭೆಯ ಮುಂದಿಟ್ಟರು. ಈ ಎರಡರ ನಡುವೆ ವಿರೋಧವಿಲ್ಲ. ಸಮಾಜದ ಪ್ರಜ್ಞೆ ಜಾಗೃತವಾಗುವವರೆಗೆ ಕಾಯುವಷ್ಟು ವ್ಯವಧಾನ ಪೆಟ್ಟು ತಿನ್ನುವವನಿಗಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಕಾನೂನು ತಂದಿರುವ ಒಂದು ಬದಲಾವಣೆಯನ್ನು ಕಡೆಗಣಿಸಬಾರದು. ಎರಡು ತಲೆಮಾರುಗಳ ಹಿಂದೆ ನೀನು ಒಳಗೆ ಬರಬಾರದು ಎಂದು ಮುಖಕ್ಕೆ ಹೇಳುತ್ತಿದ್ದವರು ಈಗ ಜೀರ್ಣೋದ್ಧಾರದ, ಬೀಗದ ಕೈಯ ನೆಪ ಹುಡುಕಬೇಕಾಗಿದೆ. ನೆಪ ಹುಡುಕಬೇಕಾದ ಸ್ಥಿತಿಗೆ ಬಂದದ್ದು ಸಣ್ಣ ಗೆಲುವಲ್ಲ, ಏಕೆಂದರೆ ನೆಪವನ್ನು ಪ್ರಶ್ನಿಸಬಹುದು. ಪ್ರಶ್ನಿಸುವವರು ಇರಬೇಕು, ಅವರಿಗೆ ನಿಲ್ಲಲು ನೆಲ ಇರಬೇಕು.

ಆ ನೆಲದ ಕೆಲಸಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ. ದೌರ್ಜನ್ಯ ತಡೆ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ದಾಖಲಾದ ಪ್ರಕರಣ ಎಷ್ಟು, ವಿತರಿಸಿದ ಪರಿಹಾರ ಎಷ್ಟು ಎಂಬ ಲೆಕ್ಕವಷ್ಟೇ ಅಲ್ಲಿ ಬರುವುದಾದರೆ ಸಾಲದು. ಬಾಗಿಲು ಮುಚ್ಚಿದ್ದ ಊರಿನಲ್ಲಿ ಒಂದು ವರ್ಷದ ನಂತರ ಯಾರು ದೇವಸ್ಥಾನಕ್ಕೆ ಹೋಗುತ್ತಿದ್ದಾರೆ, ದೂರು ಕೊಟ್ಟ ಕುಟುಂಬಕ್ಕೆ ಊರಿನಲ್ಲಿ ಕೂಲಿ ಸಿಗುತ್ತಿದೆಯೇ, ಸಿಗದಿದ್ದರೆ ಸರ್ಕಾರದ ಯಾವ ಕೆಲಸ ಅವರಿಗೆ ಸಿಕ್ಕಿತು, ಸಾಕ್ಷಿಗಳ ನಿವೇಶನದ ಅರ್ಜಿ ಯಾವ ಮೇಜಿನ ಮೇಲಿದೆ ಎಂಬ ಪ್ರಶ್ನೆಗಳು ಆ ಸಭೆಯ ಕಾರ್ಯಸೂಚಿಗೆ ಬರಬೇಕು. ಮುಚ್ಚಳಿಕೆ ಬರೆಸಿಕೊಂಡ ಪ್ರತಿ ಮನೆಯ ಹುಡುಗಿಯ ಹೆಸರು ಶಾಲೆಯ ಹಾಜರಾತಿ ಪುಸ್ತಕದಲ್ಲಿ ಇದೆಯೇ ಎಂದು ಗ್ರಾಮ ಪಂಚಾಯಿತಿಯ ಮಕ್ಕಳ ರಕ್ಷಣಾ ಸಮಿತಿ ತಿಂಗಳಿಗೊಮ್ಮೆ ನೋಡಬೇಕು, ಇಲ್ಲದಿದ್ದರೆ ಮರುದಿನವೇ ಆ ಮನೆಗೆ ಹೋಗಬೇಕು.